ಮೂರನೆಯ ಚುಕ್ಕಿ ಮೂಡುವ ತನಕ

ಹೇಳುವ ಬಾಯಿಗೆ ಸವಿಯಿರಲಿ, ಕೇಳುವ ಕಿವಿಗೆ ತಾಳ್ಮೆಯಿರಲಿ. ಕಡಲ ದಂಡೆಯಲ್ಲೊಂದು ಸೀಮೆ. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಅಲ್ಲೊಬ್ಬ ಯೆಹೂದಿ ಗಾಣಿಗನಿದ್ದ, ಹಸಾಜಿ. ಹೆಂಡತಿ ರಿಬಕಾ. ಮನೆಯಲ್ಲೊಂದು ಗಾಣ, ಒಂದು ಮುದಿ ಎತ್ತು.

ವಾರವಿಡೀ ಗಾಣ ಕಿರ್ರೆನ್ನುತ್ತಿತ್ತು. ಶುಕ್ರವಾರ ಹೊತ್ತು ಮುಳುಗುವ ಮುನ್ನ ನೊಗ ಇಳಿಯಿತೆಂದರೆ ಇಳಿಯಿತು. ರಿಬಕಾ ದೀಪ ಹಚ್ಚುವಳು. ಹಸಾಜಿ ಒಣದ್ರಾಕ್ಷಿ ರಸದ ಬಟ್ಟಲೆತ್ತಿ ಸ್ತುತಿಸುವನು. ಅಂಗೈಯಿಂದ ಕಣ್ಣು ಮುಚ್ಚಿ, "ಕೇಳು, ದೇವರು ಒಬ್ಬನೇ" ಎನ್ನುವನು. ಅಲ್ಲಿಂದ ಶನಿವಾರ ಸಂಜೆ ಬಾನಿನಲ್ಲಿ ಮೂರು ಚುಕ್ಕಿ ಮೂಡುವ ತನಕ ಬೆಂಕಿ ಹೊತ್ತಿಸುವಂತಿಲ್ಲ, ದುಡಿಯುವಂತಿಲ್ಲ, ಆಳಿಂದಾಗಲಿ ಎತ್ತಿನಿಂದಾಗಲಿ ದುಡಿಸುವಂತಿಲ್ಲ.

ಒಂದು ಶನಿವಾರ ಕೋಟೆಯ ನಾಯಕನಿಗೆ ಎಣ್ಣೆ ಬೇಕಾಯಿತು. ಹೋದ ಆಳು ಬರಿಗೈಯಲ್ಲಿ ಬಂದ. ಮರುದಿನ ನಾಯಕನೇ ಬಂದ, ಬೆನ್ನಹಿಂದೆ ಹೆಂಡತಿ ಚೆನ್ನಾಜಿ.

"ಏನೋ ಹಸಾಜಿ, ನಿನ್ನ ದೇವರ ಮೂರ್ತಿ ಎಲ್ಲಿ?"

"ಮೂರ್ತಿಯಿಲ್ಲ ಒಡೆಯಾ, ಅವನಿಗೆ ಆಕಾರವಿಲ್ಲ."

"ಆರು ದಿನ ಲೋಕ ಕಟ್ಟಿ ಏಳನೆಯ ದಿನ ದಣಿದು ಕೂತನಂತೆ?"

"ದಣಿದಲ್ಲ, ಸಾಕೆಂದು ನಿಲ್ಲಿಸಿದ. ನನ್ನ ಎತ್ತಿಗೆ ಸಾಕೆನ್ನಲು ಬಾರದು. ಅದರ ಪರವಾಗಿ ನಾನು ಹೇಳಬೇಕು."

ನಾಯಕ ನಕ್ಕ. "ಸುಮ್ಮನೆ ಕೂರುವುದೂ ಒಂದು ವ್ರತವೇ! ಬರುವ ವಾರ ನಿನ್ನಂತೆಯೇ ಮೂರು ಚುಕ್ಕಿ ಮೂಡುವ ತನಕ ದುಡಿಯದೆ, ಯಾರನ್ನೂ ದುಡಿಸದೆ ನಿನ್ನ ಜಗಲಿಯಲ್ಲೇ ಕೂರುತ್ತೇನೆ. ನಾನು ಗೆದ್ದರೆ ಶನಿವಾರವೂ ಗಾಣ ತಿರುಗಬೇಕು, ಇಲ್ಲವೇ ನೀನು ಸೀಮೆ ಬಿಡಬೇಕು. ಸೋತರೆ ನಿನ್ನ ಶನಿವಾರದ ತಂಟೆಗೆ ಬರುವುದಿಲ್ಲ."

"ತೀರ್ಪು ನನ್ನದು," ಎಂದಳು ಚೆನ್ನಾಜಿ.

ರಿಬಕಾ ಗಂಡನ ಮುಖ ನೋಡಿದಳು. ಬೇಡವೆನ್ನಲು ನಾಯಕನೆದುರು ಯಾರಿಗೆ ಬಾಯಿದೆ, ನೀವೇ ಹೇಳಿ?

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನಾಯಕ ಬಂದು ಕೂತ. ಬೆಳಗಾಯಿತು. ಬಿಸಿನೀರು ತರಲು ಕೂಗಬೇಕೆಂದು ಬಾಯಿ ತೆರೆದ, ಆಕಳಿಸಿ ಮುಚ್ಚಿದ. ನಡುಹಗಲಾಯಿತು. ಗಾಳಿ ಬೀಸೆಂದು ಆಳಿಗೆ ಸನ್ನೆ ಮಾಡಲು ಕೈಯೆತ್ತಿದ. ಅದೇ ಕೈಯಲ್ಲಿ ತಲೆ ಕೆರೆದುಕೊಂಡ. ಅತ್ತ ಅವನ ಆಳುಗಳು ಮರದ ನೆರಳಲ್ಲಿ ಕಾಲು ಚಾಚಿ ಮಲಗಿದ್ದರು, ಹುಟ್ಟಿದಾಗಿನಿಂದ ಅಂಥ ನಿದ್ದೆ ಕಾಣದವರಂತೆ!

ಹೊತ್ತು ಮುಳುಗಿತು. ಹಸಾಜಿಯ ಮುಖ ಬಾಡಿತು. ಮುದಿ ಎತ್ತಿನ ಬೆನ್ನು ಸವರುತ್ತ ನಿಂತ. ಬಾನಲ್ಲಿ ಒಂದು ಚುಕ್ಕಿ ಬಂತು. ನಾಯಕ ಚಡಪಡಿಸಿದ. ಇನ್ನೊಂದು ಬಂತು. ಅವನಿಗೆ ತಡೆಯಲಾಗಲಿಲ್ಲ, ಜಗಲಿಯಿಂದ ಧುಮುಕಿಯೇಬಿಟ್ಟ.

"ಗೆದ್ದೆ! ಏಳೋ ಹಸಾಜಿ, ಹೂಡು ಎತ್ತು!"

ಎತ್ತು ಒಂದು ಕಣ್ಣು ತೆರೆದು ನೋಡಿತು, ಮತ್ತೆ ಮುಚ್ಚಿತು.

"ಚುಕ್ಕಿ ಎಣಿಸಿ," ಎಂದಳು ಚೆನ್ನಾಜಿ.

"ಒಂದು... ಎರಡು..."

"ಮೂರನೆಯದು?"

ನಾಯಕ ಆಚೆ ನೋಡಿದ, ಈಚೆ ನೋಡಿದ, ನೆತ್ತಿಯ ಮೇಲೆ ನೋಡಿದ. ಆಗ, ತನಗೇನು ಅವಸರ ಎಂಬಂತೆ, ತೆಂಗಿನ ಗರಿಯ ಮರೆಯಿಂದ ಮೂರನೆಯದು ಇಣುಕಿತು.

"ಅಗೋ, ಬಂತಲ್ಲ!"

"ಈಗ ಬಂತು. ನಿಮ್ಮ ಅಪ್ಪಣೆ ಅದಕ್ಕಿಂತ ಮುಂಚೆಯೇ ಬಂದಿತ್ತು. ಅದೂ ಎತ್ತು ಹೂಡುವ ಅಪ್ಪಣೆ!"

ಆಳುಗಳು ನಗು ನುಂಗಿದರು. ನಾಯಕ ತೊಪ್ಪನೆ ಕೂತ. "ಸಾಕು ಮಾರಾಯ್ತಿ, ಸಾಕು. ಸೋತೆ."

"ಕೇಳಿದೆಯಾ ರಿಬಕಾ? ಮದುವೆಯಾದಾಗಿನಿಂದ ಈ ಬಾಯಲ್ಲಿ 'ಸಾಕು' ಕೇಳಿದ್ದು ಇದೇ ಮೊದಲು! ಬರುವ ವಾರವೂ ಕರೆತರುತ್ತೇನೆ."

ಅಲ್ಲಿಂದಾಚೆ ಆ ಸೀಮೆಯಲ್ಲಿ ಶನಿವಾರ ಯಾರೂ ಎಣ್ಣೆ ಕೇಳಲಿಲ್ಲ. ಎತ್ತಿನ ನೊಗ ಇಳಿಯಿತು, ನನ್ನ ಕಥೆಯ ನೊಗವೂ ಇಳಿಯಿತು. ಇನ್ನೊಂದು ಹೇಳೆನ್ನಬೇಡಿ, ಸಾಕೆನ್ನಲು ನನಗೂ ಬರುತ್ತದೆ.