ಅಡಿ ನೀರಿನ ರುಚಿ

ಅಧ್ಯಕ್ಷತೆ ವಹಿಸಿರುವ ಲೀಲಾಧರ ಮಾಸ್ಟ್ರೇ, ಮುಖ್ಯ ಅತಿಥಿಗಳೂ ಒಂದು ಕಾಲಕ್ಕೆ ನನ್ನ ಮೇಲಧಿಕಾರಿಗಳೂ ಆಗಿದ್ದ ಭೋಜರಾಜ ಸಾಹೇಬರೇ, ಹಳೆ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳೇ, ಚಹಾಕ್ಕಿಂತ ಮೊದಲು ನನ್ನ ಭಾಷಣ ಕುಡಿಯಬೇಕಾಗಿ ಬಂದಿರುವ ತೆಕ್ಕಟ್ಟೆಯ ಸಭಿಕರೇ,

ಮಾಸ್ಟ್ರು ನನ್ನನ್ನು ನೀರಾವರಿ ತಜ್ಞ ಎಂದು ಪರಿಚಯಿಸಿದರು. ಅದಕ್ಕೊಂದು ಸಣ್ಣ ತಿದ್ದುಪಡಿ ಬೇಕು. ನಾನು ಓದಿದ್ದು ಅಣೆಕಟ್ಟಿನ ಉಕ್ಕಿನ ಗೇಟು. ಅದರಲ್ಲೂ ಗೇಟಿನ ಅಂಚಿಗೆ ಕೂರಿಸುವ ರಬ್ಬರು ಪಟ್ಟಿ. ಡಾಕ್ಟರೇಟು ಬಂದದ್ದು ಆ ಪಟ್ಟಿಗೆ. ಮನೆಯ ನಲ್ಲಿ ಸೋರಿದರೆ ನನ್ನ ಹೆಂಡತಿ ಚೇತನಾ ಈಗಲೂ ಪ್ಲಂಬರನನ್ನೇ ಕರೆಯುತ್ತಾಳೆ. ನಗಿ, ಪರವಾಗಿಲ್ಲ.

‘ತಜ್ಞತೆಯ ಮಹತ್ವ’ ಎಂಬ ವಿಷಯದ ಮೇಲೆ ನಾಲ್ಕು ಹಾಳೆ ಬರೆದು ತಂದಿದ್ದೆ. ಆದರೆ ಈಗಷ್ಟೇ ನನಗೆ ಹೂಗುಚ್ಛ ಕೊಟ್ಟವರು ಹೊಳೆಬದಿ ಗದ್ದೆಯ ಹರಿಣಾಕ್ಷಕ್ಕ. ಅವರ ಎದುರು ಅದನ್ನು ಓದಲಾರೆ. ಹಾಳೆಗಳನ್ನು ಜೇಬಿಗೆ ಹಾಕಿದ್ದೇನೆ.

ನಮ್ಮ ಹೊಳೆಯ ಕಟ್ಟಿನ ಕಥೆ ನಿಮಗೆಲ್ಲ ಗೊತ್ತು. ಸಾಹೇಬರಿಗೆ ಅರ್ಧ ಮಾತ್ರ ಗೊತ್ತು. ಉಬ್ಬರದ ಉಪ್ಪುನೀರು ಹೊಳೆ ಹತ್ತಿ ಗದ್ದೆಗೆ ಬಾರದಂತೆ, ಮಳೆಗಾಲ ಕಳೆದ ಮೇಲೆ ಕಟ್ಟಿನ ಕಿಂಡಿಗಳಿಗೆ ಮರದ ಹಲಗೆ ಹಾಕಿ ನಡುವೆ ಮಣ್ಣು ತುಂಬುತ್ತಿದ್ದರು. ಯಾವ ದಿನ ಹಾಕಬೇಕು? ಅದನ್ನು ಹೇಳುತ್ತಿದ್ದವರು ಕುಷ್ಟ ಎಂಬ ಒಬ್ಬ ಬೇಸಾಯಗಾರರು. ಬಾಟ್ಲಿಗೆ ಕಲ್ಲು ಕಟ್ಟಿ ಹೊಳೆಯ ತಳಕ್ಕೆ ಇಳಿಸಿ, ಅಡಿ ನೀರು ಎತ್ತಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಜೊತೆಗೆ ತಿಥಿ ನೋಡುತ್ತಿದ್ದರು, ಗಾಳಿ ನೋಡುತ್ತಿದ್ದರು, ಏಡಿ ಎಲ್ಲಿ ಮಾಟೆ ತೋಡಿದೆ ಎಂದು ನೋಡುತ್ತಿದ್ದರು. ಯಾವುದೂ ಪೂರ್ತಿ ಗೊತ್ತಿರಲಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿತ್ತು.

ಹಿಂದಿನ ಸಾಲಿನವರು ಯಾಕೆ ಪಿಸುಗುಡುತ್ತಿದ್ದೀರಿ ಎಂದು ನನಗೆ ಗೊತ್ತು. ಸ್ವಲ್ಪ ತಡೆಯಿರಿ, ಅಲ್ಲಿಗೇ ಬರುತ್ತೇನೆ.

ಏಳು ವರ್ಷದ ಹಿಂದೆ ಹಲಗೆ ತೆಗೆದು ನನ್ನ ಉಕ್ಕಿನ ಗೇಟು ಕೂರಿಸಿದೆವು. ಇಳಿಸುವ ದಿನ ಸಾಹೇಬರೂ ಬಂದಿದ್ದರು. ನಾನು ದಡದಲ್ಲೇ ನಿಂತು ಉಪ್ಪು ಅಳೆಯುವ ಮೀಟರು ಅದ್ದಿದೆ. ನೀರು ಸಿಹಿ. ಆಗ ಕುಷ್ಟ ಬಾಟ್ಲಿ ಹಿಡಿದು ಬಂದರು.

“ಹ್ವಾಯ್, ಇವತ್ತ್ ಇಳ್ಸ್‌ಬ್ಯಾಡಿ. ಮೇಲಿನ್ ನೀರ್ ಸಪ್ಪೆ, ಅಡಿ ನೀರ್ ಉಪ್ಪೇ ಇತ್ತ್. ಅಮಾಸಿ ಉಬ್ಬರ ಇಳ್ದ್ ಹೋಯ್ಲಿ, ಮೂರ್ ದಿನ ತಡ್ಕಣಿ.”

ಉಪ್ಪುನೀರು ಭಾರ, ಅಡಿಗೆ ಹೋಗಿ ಮಲಗುತ್ತದೆ. ಇದು ಹೈಸ್ಕೂಲಿನ ಪಾಠ, ಇದೇ ಶಾಲೆಯಲ್ಲಿ ಕಲಿತದ್ದು. ರಬ್ಬರಿನ ಕಡೆಗೆ ಹೋಗುವ ದಾರಿಯಲ್ಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಸಾಹೇಬರು, “ಯಾರದು?” ಎಂದು ಕೇಳಿದರು. “ಊರಿನ ಯಾರೋ ಅಜ್ಜ, ಸರ್” ಎಂದೆ. ಕುಷ್ಟ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ನಿಂತಿದ್ದರು. ಅವರಿಗೆ ಕೇಳಿಸಿತು. ಬಾಟ್ಲಿಯ ನೀರು ಹೊಳೆಗೆ ಚೆಲ್ಲಿ ಹೊರಟುಹೋದರು.

ಗೇಟು ಇಳಿಯಿತು. ಒಳಗೆ ಸಿಕ್ಕಿಕೊಂಡ ಉಪ್ಪು ಒಳಗೇ ಉಳಿಯಿತು. ಹದಿನೈದು ದಿನದಲ್ಲಿ ಹರಿಣಾಕ್ಷಕ್ಕನ ಸುಗ್ಗಿ ಗದ್ದೆಯ ಪೈರು ತುದಿಯಿಂದ ಕೆಂಪಾಯಿತು. ಬಾವಿ ಉಪ್ಪಾಯಿತು. ಆ ಬೇಸಿಗೆಯಿಡೀ ಅವರು ಕೊಡ ಹಿಡಿದು ಹೈವೇ ದಾಟಿ ನೀರು ತಂದರು. ನಾನು ಆ ವರ್ಷ ಮೈಸೂರಿನಲ್ಲಿ ಸೋರದ ಗೇಟಿನ ಬಗ್ಗೆ ಪ್ರಬಂಧ ಮಂಡಿಸಿದೆ. ಚಪ್ಪಾಳೆಯೂ ಬಿತ್ತು.

ಅದೇ ಬೇಸಿಗೆ ಮನೆಗೆ ಬಂದಾಗ ಗಂಜಿ ಊಟಕ್ಕೆ ಕುಷ್ಟರ ಎದುರೇ ಕೂತಿದ್ದೆ. ಬೈಯುತ್ತಾರೆ ಎಂದು ಕಾದೆ. ಉಪ್ಪಿನಕಾಯಿ ನನ್ನ ಕಡೆ ಸರಿಸಿ, “ನಿನ್ ಗೇಟ್ ಲಾಯ್ಕ್ ಇತ್ತ್ ಮಗಾ. ಒಂದ್ ಹನಿ ಸೋರ್ಲಿಲ್ಲ” ಎಂದರು. ಅದನ್ನು ಅವರು ಹೊಗಳಿಕೆ ಎಂದೇ ಹೇಳಿದ್ದು. ಬೈದಿದ್ದರೇ ವಾಸಿಯಿತ್ತು.

ಹರಿಣಾಕ್ಷಕ್ಕ, ತಪ್ಪು ಗೇಟಿನದ್ದಲ್ಲ, ನನ್ನದು. ಏಳು ವರ್ಷ ನಿಮ್ಮ ಅಂಗಳಕ್ಕೆ ಬರುವ ಮುಖವಿರಲಿಲ್ಲ. ಮೈಕು ಹಿಡಿದು ಹೇಳುವುದು ಸುಲಭ. ನಾಳೆ ಬೆಳಿಗ್ಗೆ ಬಂದು ಮೈಕಿಲ್ಲದೆ ಹೇಳುತ್ತೇನೆ.

ಸಾಹೇಬರೇ, ‘ಯಾರದು?’ ಎಂದು ಅಂದು ನೀವು ಕೇಳಿದ ಪ್ರಶ್ನೆಗೆ ಇನ್ನೂ ಸರಿಯುತ್ತರ ಕೊಟ್ಟಿಲ್ಲ. ಇವತ್ತು ಕೂಡ ಇಷ್ಟು ಹೊತ್ತು, ಊರೆಲ್ಲ ನೋಡುತ್ತಿರುವಾಗ, ಅವರನ್ನು ಹೆಸರು ಹಿಡಿದೇ ಕರೆದೆ. ಅಗೋ, ಕಿಟಕಿ ಪಕ್ಕ, ಹೆಗಲ ಮೇಲೆ ಬೈರಾಸು ಹಾಕಿಕೊಂಡು ತಲೆ ತಗ್ಗಿಸಿ ಕೂತಿದ್ದಾರಲ್ಲ. ಅವರು ನನ್ನ ಅಪ್ಪ.

ಕರೆದು ಕೂರಿಸಿದ್ದಕ್ಕೆ ಸಂಘಕ್ಕೂ, ಎದ್ದು ಹೋಗದೆ ಕೂತಿದ್ದಕ್ಕೆ ನಿಮಗೂ ಕೃತಜ್ಞ. ಮೊದಲು ಅಪ್ಪನಿಗೆ, ಆಮೇಲೆ ಎಲ್ಲರಿಗೂ, ನಮಸ್ಕಾರ.