ಗಣಪ್ಪನ ಹೊಟ್ಟೆಯ ಹಳದಿ ದೀಪ

ಗುಡಿಯ ಆ ಮೂಡಲ ಗೋಡೆಯ ಕೆಳಗೆ ಕೂತ ತಾಯಂದಿರು ಸ್ವಲ್ಪ ಈಚೆ ಸರಿದು ಕೂತುಕೊಳ್ಳಿ. ಮಕ್ಕಳನ್ನೂ ಕರೆದುಕೊಳ್ಳಿ. ಯಾಕೆಂದು ಕಡೆಗೆ ಹೇಳುತ್ತೇನೆ.

ಒಂದೂರಲ್ಲಿ ಒಬ್ಬ ಸಾಹುಕಾರ. ಯಾವ ಊರೆಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಪಕ್ಕದವರ ಮುಖ ನೋಡುತ್ತೀರಿ. ಪ್ಲಾಸ್ಟಿಕ್ ಕೊಡ, ಬುಟ್ಟಿ, ಕುರ್ಚಿಗಳ ಗೋದಾಮು ಅವನದು. ಹಳ್ಳಿ ತಿರುಗಿ ಮಾರುವವರು ಬೇರೆ. ಮೋಟಾರ್ ಸೈಕಲ್ಲಿನ ಹಿಂದೆ ಕೊಡಗಳ ಗುಡ್ಡ ಕಟ್ಟಿಕೊಂಡು ಹೋಗುವವರನ್ನು ನೀವೂ ನೋಡಿದ್ದೀರಿ. ಹಿಂದಿನಿಂದ ನೋಡಿದರೆ ಕೊಡಗಳೇ ರಸ್ತೆಯಲ್ಲಿ ಓಡಿದ ಹಾಗೆ ಕಾಣುತ್ತದೆ. ಅಂಥವರಲ್ಲಿ ಒಬ್ಬ ನೀಲಪ್ಪ.

ಇಲ್ಲೊಂದು ಮಾತು ನೆನಪಿಡಿ. ಪೆಟ್ರೋಲು ಸಾಹುಕಾರ ಹಾಕಿಸುತ್ತಿದ್ದ. ಗಾಡಿ ಮಾರುವವರದು, ಕೆಟ್ಟರೆ ರಿಪೇರಿಯೂ ಅವರದೇ. ಪೆಟ್ರೋಲು ಅವನದು, ಗಾಡಿ ಇವರದು. ಕಥೆಯೆಲ್ಲ ಈ ಸಂದಿಯಲ್ಲೇ ಇದೆ.

ಈಗಿನ ಗಾಡಿಗಳಲ್ಲಿ ಇಂಜಿನ್ನಿಗೆ ಎಷ್ಟು ಪೆಟ್ರೋಲು ಚಿಮ್ಮಬೇಕು ಎಂಬುದನ್ನು ಒಂದು ಸಣ್ಣ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಅದಕ್ಕೆ ಸ್ವಂತ ಕಣ್ಣಿಲ್ಲ. ಸೈಲೆನ್ಸರಿನ ಕೊಳವೆಯಲ್ಲಿ ಒಂದು ಸೆನ್ಸರ್ ಕೂತು ಹೊಗೆಯನ್ನು ಮೂಸಿ ನೋಡುತ್ತದೆ. ಹೆಚ್ಚಾಯಿತು, ಕಡಿಮೆಯಾಯಿತು ಎಂದು ಸುದ್ದಿ ಮುಟ್ಟಿಸುತ್ತದೆ. ಕಂಪ್ಯೂಟರ್ ಅದರಂತೆ ನಡೆಯುತ್ತದೆ. ಬಂದ ಸುದ್ದಿಯಲ್ಲಿ ಏನೋ ತಾಳೆಯಾಗಲಿಲ್ಲ ಅಂದರೆ ಮೀಟರಿನಲ್ಲಿ ಒಂದು ಹಳದಿ ದೀಪ ಹಚ್ಚಿ ಸುಮ್ಮನಾಗುತ್ತದೆ. ಬಡಪಾಯಿ, ಅದಕ್ಕಿಂತ ಹೆಚ್ಚು ಕೂಗಲಾರದು.

ಒಂದು ದಿನ ಪೇಟೆಯಿಂದ ಟ್ಯೂನಿಂಗ್ ಮಾಡುವವನೊಬ್ಬ ಬಂದ. ಅವನ ಚೀಲದಲ್ಲಿ ಬೆಂಕಿಪೊಟ್ಟಣದಂಥ ಡಬ್ಬಿಗಳು. ಸೆನ್ಸರಿನ ವೈರ್‌ಗೆ ಅದನ್ನು ಸೇರಿಸಿದರೆ ಮುಗಿಯಿತು, ಸೆನ್ಸರ್ ಏನೇ ಅನ್ನಲಿ, ಡಬ್ಬಿ ಹೇಳುವುದು ಒಂದೇ ಮಾತು: ಪೆಟ್ರೋಲು ಹೆಚ್ಚಾಯಿತು, ಕಡಿಮೆ ಮಾಡು. ಕಂಪ್ಯೂಟರ್ ಕಡಿಮೆ ಮಾಡುತ್ತದೆ. ಮೈಲೇಜ್ ಏರುತ್ತದೆ. ಇಂಜಿನ್ನು ಒಳಗೊಳಗೇ ಕಾಯುತ್ತದೆ. ಆಳಿನ ಹೊಟ್ಟೆ ತುಂಬಿದೆ ಎಂದು ಬೇರೆಯವರ ಬಾಯಲ್ಲಿ ಹೇಳಿಸಿ, ಅರ್ಧ ರೊಟ್ಟಿ ಕೊಟ್ಟು ಹೊಲಕ್ಕೆ ಅಟ್ಟಿದ ಹಾಗೆ.

ಸಾಹುಕಾರನಿಗೆ ಅದು ಬಹಳ ಹಿಡಿಸಿತು. ಎಲ್ಲರ ಗಾಡಿಗೂ ಹಾಕಿಸಿದ. ಬೆನ್ನಿಗೇ ಎಲ್ಲರ ಮೀಟರಿನಲ್ಲೂ ಹಳದಿ ದೀಪ ಹತ್ತಿತು. ಕೇಳಿದವರಿಗೆ, ಖಂಡೇನವಮಿ ಬಂತಲ್ಲ, ಆಯುಧಪೂಜೆಯಲ್ಲಿ ಸರಿಹೋಗುತ್ತದೆ ಎಂದ. ಪೂಜೆಯ ದಿನ ಗಾಡಿ ತೊಳೆಸಿ, ವಿಭೂತಿ ಹಚ್ಚಿಸಿ, ತನ್ನ ಕೈಯಾರೆ ಪ್ರತಿ ಗಾಡಿಗೂ ಗಣಪ್ಪನ ಸ್ಟಿಕ್ಕರ್ ಅಂಟಿಸಿದ. ಎಲ್ಲಿ ಅಂಟಿಸಿದ? ನೋಡಿ, ಸರಿಯಾಗಿ ಆ ಹಳದಿ ದೀಪದ ಮೇಲೆ.

ಸ್ಟಿಕ್ಕರ್ ತೆಳುವಾಗಿತ್ತು. ಹೊತ್ತು ಮುಳುಗುವಾಗ ಗಣಪ್ಪನ ಹೊಟ್ಟೆ ಹಳದಿಯಾಗಿ ಹೊಳೆಯತೊಡಗಿತು. ಇನ್ನೇನು ಬೇಕು ನಮ್ಮ ಜನಕ್ಕೆ? ದೇವರು ಜಾಗೃತನಾಗಿದ್ದಾನೆ ಎಂದರು. ಹಳ್ಳಿಯ ಹೆಂಗಸರು ಕೊಡ ಮುಟ್ಟುವ ಮೊದಲು ಮೀಟರಿಗೆ ಕೈಮುಗಿದರು. ಒಬ್ಬ ಮುದುಕಿ ನೀಲಪ್ಪನ ಹ್ಯಾಂಡಲಿಗೆ ಗರಿಕೆ ಸಿಕ್ಕಿಸಿದಳು. ನೀಲಪ್ಪನೂ ಕೈಮುಗಿದ, ಸುಳ್ಳೇಕೆ? ಹಳ್ಳದ ಏರಿನಲ್ಲಿ ಗಾಡಿ ಉಸಿರು ಕಟ್ಟಿದಂತೆ ಆಡುತ್ತಿತ್ತು. ಇಂಜಿನ್ನಿನ ಒಳಗೆ ಯಾರೋ ಸಣ್ಣ ಕಲ್ಲು ಕುಟ್ಟಿದ ಸದ್ದು. ಮೊಳಕಾಲಿಗೆ ಒಲೆಯ ಬಾಯಿಯ ಕಾವು. ಬಿಸಿಲು ಜಾಸ್ತಿ ಅಂದುಕೊಂಡ. ಹಾಗಲ್ಲ ಎಂದು ಅವನ ಮೈಗೆ ಗೊತ್ತಿತ್ತು. ಬಾಯಿಗೆ ಧೈರ್ಯವಿರಲಿಲ್ಲ, ಯಾಕೆಂದರೆ ಸಾಹುಕಾರ ಮಾಲು ಕೊಡದಿದ್ದರೆ ಮನೆಯ ಒಲೆ ತಣ್ಣಗಾಗುತ್ತದೆ. ಗಾಡಿ ಸತ್ತರೂ ತಣ್ಣಗಾಗುತ್ತದೆ. ನಡುವೆ ಸಿಕ್ಕಿಕೊಂಡಿದ್ದ.

ಒಂದು ಸಂಜೆ ಹೆಂಡತಿ ಸಾವಂತ್ರವ್ವನನ್ನು ಕೂರಿಸಿಕೊಂಡು ತಂಗಿಯ ಊರಿಗೆ ಹೊರಟಿದ್ದ. ಏರಿನಲ್ಲಿ ಗಾಡಿ ಎಳೆಯಲಿಲ್ಲ. ಅವಳು ಇಳಿದು ನಡೆದಳು. ಮೇಲೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಹೊಳೆಯುವ ಗಣಪ್ಪನನ್ನು ನೋಡಿದಳು. ನೀಲಪ್ಪ ಇಂಜಿನ್ನು ತಣಿಯಲೆಂದು ಚಾವಿ ತಿರುವಿದ. ಗಣಪ್ಪ ಆರಿದ.

“ಚಾವಿ ತಿರುವಿದ್ರ ಆರಿ ಹೋಗ್ತಾನಲ್ಲ,” ಅಂದಳು ಸಾವಂತ್ರವ್ವ, “ಇವ ಎಂಥ ಗಣಪ್ಪೋ?”

ನೀಲಪ್ಪ ಮರುದಿನ ಬೆಳಿಗ್ಗೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಇಟ್ಟಿಗೆಯ ಬಣ್ಣದಲ್ಲಿರಬೇಕಾದದ್ದು ಬೂದಿಯ ಹಾಗೆ ಬೆಳ್ಳಗಿತ್ತು. ಒಳಗೆ ಸುಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗೋದಾಮಿನ ಮುಂದೆ ಎಲ್ಲರೂ ಮಾಲು ಕಟ್ಟಿಕೊಳ್ಳುವ ಹೊತ್ತಿಗೇ ಹೋದ. ಡಬ್ಬಿ ತೆಗೆಸಿರಿ ಎಂದು ಕೇಳಿದ. ಸಾಹುಕಾರ ನಕ್ಕು, ಮೈಲೇಜ್ ಬರುತ್ತಿಲ್ಲವೇ, ಇನ್ನೇನು ಬೇಕು ನಿನಗೆ ಅಂದ.

“ಮೈಲೇಜ್ ನಿಮಗ ಬರಾಕತ್ತದ್ರಿ,” ಅಂದ ನೀಲಪ್ಪ. “ಕಾವು ನಮಗ ಬರಾಕತ್ತದ.”

ಸಾಹುಕಾರನ ನಗು ನಿಂತಿತು. ದೇವರೇ ಬೆಳಕು ತೋರಿಸುತ್ತಿರುವಾಗ ನಿನ್ನದೇನು ಹೆಚ್ಚಿನ ಮಾತು ಎಂದು ಎಲ್ಲರಿಗೂ ಕೇಳುವಂತೆ ಗದರಿದ. ನೀಲಪ್ಪ ತನ್ನ ಗಾಡಿಯ ಹತ್ತಿರ ಹೋದ. ಚಾವಿ ತಿರುವಿದ. ಸ್ಟಿಕ್ಕರಿನ ಅಂಚಿಗೆ ಉಗುರು ಹಾಕಿದ. ಪಕ್ಕದಲ್ಲಿದ್ದ ಗೆಳೆಯ ಅವನ ಮಣಿಕಟ್ಟು ಹಿಡಿದು, ಬ್ಯಾಡೋ ಮಾರಾಯ, ಎಂದು ಪಿಸುಗುಟ್ಟಿದ. ನೀಲಪ್ಪ ಕೈ ಬಿಡಿಸಿಕೊಂಡು, ನಿಧಾನವಾಗಿ, ಎಲ್ಲೂ ಹರಿಯದಂತೆ ಸ್ಟಿಕ್ಕರ್ ಎಬ್ಬಿಸಿದ. ಕೆಳಗೆ ಹಳದಿ ದೀಪ ಬೆತ್ತಲೆ ಉರಿಯುತ್ತಿತ್ತು.

“ದೇವ್ರನ್ನ ಕಿತ್ತವಗ ನನ್ನ ಗೋದಾಮಿನಾಗ ಮಾಲಿಲ್ಲ,” ಅಂದ ಸಾಹುಕಾರ.

“ಕಿತ್ತಿಲ್ರಿ. ನಿಮ್ಮ ಸುಳ್ಳಿಗೆ ಅವನ್ನ ಕಾವಲು ನಿಲ್ಲಿಸಿದ್ರಿ. ಬಿಡಿಸ್ಕೊಂಡೀನಿ, ಅಷ್ಟ.”

ಗಣಪ್ಪನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿ, ಹೆಬ್ಬೆರಳಿಂದ ಒತ್ತಿ, ನಮಸ್ಕಾರ ಮಾಡಿದ. ವೈರಿನಿಂದ ಡಬ್ಬಿ ಕಿತ್ತು ಸಾಹುಕಾರನ ಗಾದಿಯ ಮೇಲಿಟ್ಟ. ಖಾಲಿ ಗಾಡಿ ಹತ್ತಿ ಹೊರಟುಹೋದ.

ಆಮೇಲೆ ಏರ್ ಫಿಲ್ಟರಿನ ಧೂಳು ಕೊಡವಿಸಿದ. ಪೆಟ್ರೋಲು ಚಿಮ್ಮುವ ಇಂಜೆಕ್ಟರನ್ನು ತೊಳೆಸಿದ. ಚೈನು ಬಿಗಿ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿದ. ಮೈಲೇಜ್ ಡಬ್ಬಿಯಷ್ಟು ಬರಲಿಲ್ಲ. ಆದರೆ ಬಂದಷ್ಟು ನಿಜವಾಗಿತ್ತು. ಓಡುತ್ತ ಓಡುತ್ತ ಹಳದಿ ದೀಪ ತಾನಾಗಿ ಆರಿತು. ಮಾಲು ತರಲು ಈಗ ದೂರದ ಊರಿಗೆ ಹೋಗಬೇಕು, ಕಷ್ಟ ಇದೆ. ಆದರೆ ಹಳ್ಳದ ಏರಿನಲ್ಲಿ ಸಾವಂತ್ರವ್ವ ಇಳಿಯುವುದಿಲ್ಲ.

ಸಾಹುಕಾರನ ಗತಿ ಏನಾಯಿತು ಎಂದು ನಿಮ್ಮ ಕಣ್ಣುಗಳು ಕೇಳುತ್ತಿವೆ. ಏನೂ ಆಗಲಿಲ್ಲ. ಚೆನ್ನಾಗಿದ್ದಾನೆ. ಅವನಿಗೆ ಸಿಡಿಲು ಹೊಡೆಸಿ ನಿಮ್ಮನ್ನು ಸಮಾಧಾನದಿಂದ ಮನೆಗೆ ಕಳಿಸಲು ನಾನಿಲ್ಲಿ ಕೂತಿಲ್ಲ. ಉಳಿದವರ ಇಂಜಿನ್ನುಗಳು ಒಂದೊಂದಾಗಿ ಸುಟ್ಟವು. ಮೆಕ್ಯಾನಿಕ್ಕನ ಅಂಗಡಿಯ ಮುಂದೆ ನಿಂತು ಅವರು ಈಗಲೂ ಗಣಪ್ಪನ ಹೊಟ್ಟೆಗೆ ಕೈಮುಗಿಯುತ್ತಿದ್ದಾರೆ.

ನಗುತ್ತೀರಾ? ನಗಿರಿ. ಸೊಸೆ ಊಟ ಬಿಟ್ಟರೆ ನೀವು ಏನನ್ನುತ್ತೀರಿ? ಸೋಮವಾರದ ಉಪವಾಸ ಇರಬೇಕು ಅನ್ನುತ್ತೀರಿ. ಹೆಂಡತಿ ಎದೆ ಹಿಡಿದುಕೊಂಡರೆ? ದೇವರಿದ್ದಾನೆ ಬಿಡು. ಹೊಲದ ಆಳು ಕೈಲಾಗದು ಎಂದರೆ? ಶಿವ ಕೊಟ್ಟಷ್ಟು ಶಕ್ತಿ. ದೀಪ ಉರಿದಲ್ಲೆಲ್ಲ ಒಂದು ದೇವರನ್ನು ಅಂಟಿಸುತ್ತೀರಿ. ಅವನು ಏನು ಪಾಪ ಮಾಡಿದ್ದಾನೆ ನಿಮಗೆ? ಇವತ್ತಿನಿಂದ ಮನೆಯಲ್ಲಿ ಯಾರಾದರೂ ಸರಿಯಿಲ್ಲ ಅಂದರೆ, ಮಾಡುವ ಕೆಲಸ ನಿಲ್ಲಿಸಿ, ಎದುರಿಗೆ ಕೂತು ಕೇಳಿ. ಏನಾಯಿತು, ಎಲ್ಲಿ ನೋವು, ನಾನೇನು ತಪ್ಪು ಮಾಡಿದೆ ಎಂದು ಕೇಳಿ. ಕೇಳಿದ ಮೇಲೆ ದೇವರ ಹೆಸರು ಹೇಳಿ. ಅದಕ್ಕೆ ಮೊದಲು ಹೇಳಬೇಡಿ.

ಈಗ ಆ ಮೂಡಲ ಗೋಡೆ. ಅಲ್ಲಿ ಕೈಲಾಸದ ದೊಡ್ಡ ಪಟ ತೂಗುತ್ತಿದೆ. ಹೋದ ವರ್ಷ ಇರಲಿಲ್ಲ. ನಿನ್ನೆ ಸಂಜೆ ಪಟದ ಹಿಂದೆ ಕೈ ಹಾಕಿದೆ. ಗೋಡೆಯ ಬಿರುಕಿನಲ್ಲಿ ನನ್ನ ಬೆರಳು ಒಳಗೆ ಹೋಯಿತು. ಕಮಿಟಿಯ ಅಧ್ಯಕ್ಷರೇ, ಏಳಬೇಡಿ, ಕೂತುಕೊಳ್ಳಿ. ಮುಂದಿನ ಸಲ ನನ್ನನ್ನು ಕರೆಯದಿದ್ದರೂ ಚಿಂತೆಯಿಲ್ಲ.

ಯಾರಾದರೂ ಇಬ್ಬರು ಗಟ್ಟಿಗರು ಎದ್ದು ಹೋಗಿ. ಪಟವನ್ನು ಮೆಲ್ಲಗೆ, ಭಕ್ತಿಯಿಂದಲೇ ಇಳಿಸಿ. ಎಲ್ಲರೂ ಗೋಡೆ ನೋಡಲಿ. ಪಟ ಇಳಿಯುವ ತನಕ ಇವತ್ತು ಮಂಗಳಾರತಿ ಇಲ್ಲ.