ಕಾರಿನ ಬೆನ್ನಿನ ಅಕ್ಷರಗಳು

ಕಾರು ತೊಳೆಸಲು ಸರದಿಯಲ್ಲಿ ಕಾದಿದ್ದ ದರ್ಜಿಯ ಕಿವಿಯೆಲ್ಲ ಮುಂದೆ ತೊಳೆದು ನಿಲ್ಲಿಸಿದ್ದ ಕಾರಿನ ಅತ್ತೆ ಸೊಸೆಯರ ಮೇಲಿತ್ತು. ಕಾರಿನ ಬೆನ್ನಿಗಂಟಿದ್ದ ‘ಕಲಿಯುತ್ತಿದ್ದೇನೆ’ ಎಂಬ ಅಕ್ಷರಗಳಿಗೆ ಸೊಸೆ ಅಲ್ಲಿನ ಪ್ಲಗ್ಗಿಗೆ ಸಿಕ್ಕಿಸಿದ ಹೇರ್ ಡ್ರೈಯರ್ ಹಿಡಿದಿದ್ದಳು.

“ಉಗುರು ಹಾಕ್ಬೇಡಿ ಅತ್ತೆ, ಬಣ್ಣ ಕಿತ್ತು ಬರತ್ತೆ. ಅಂಟು ಮೆತ್ತಗಾಗ್ಲಿ, ಆಮೇಲೆ ನಿಧಾನಕ್ಕೆ ಎಳೀರಿ.”

“ಲೈಸೆನ್ಸ್ ಬಂದು ಮೂರು ವರ್ಷ ಆಯ್ತು, ಇನ್ನೂ ಯಾಕಿದು ಅಂತ ನಿನ್ನ ಗಂಡಂದು ಒಂದೇ ರಾಗ.”

“ಸರಿ, ಯಾಕೆ ಇಟ್ಕೊಂಡಿದ್ರಿ?”

“ಇದನ್ನ ನೋಡಿದ್ರೆ ಲಾರಿಯೋರೂ ದಾರಿ ಬಿಡ್ತಾರೆ ಕಣೇ!”

ಕೊನೆಯ ಅಕ್ಷರವೂ ಹರಿಯದೆ ಬಂತು.

“ಅಯ್ಯೋ ಅತ್ತೆ! ಸುತ್ತಲೂ ಬಿಸಿಲಿಗೆ ಬಣ್ಣ ಮಾಸಿದೆ, ಅಕ್ಷರದ ಅಡಿ ಮಾತ್ರ ಹೊಸದರ ಹಾಗಿದೆ. ಇನ್ನೂ ಚೆನ್ನಾಗಿ ಓದೋಕಾಗತ್ತೆ! ನಿಮ್ಮ ಮಗನಿಗೆ ಏನು ಹೇಳ್ಲಿ?”

“ತೆಗೆದ್ವಿ ಅಂತ ಹೇಳು. ಸುಳ್ಳೇನಲ್ವಲ್ಲ!”

ಅತ್ತೆ ಖುಷಿಯಿಂದ ಕಾರು ಹತ್ತಿ, ಮನೆಗೆ ಹೊರಡಲು ಹಿಂದಕ್ಕೆ ತೆಗೆದರು. ಆ ಅಕ್ಷರಗಳು ತನ್ನತ್ತಲೇ ಬರುವುದನ್ನು ಕಂಡ ದರ್ಜಿ ತನ್ನ ಕಾರನ್ನು ದಡಬಡನೆ ಬದಿಗೆ ಸರಿಸಿಕೊಂಡ.